ಕಾಡಂಚಿನ ಊರೂ ಕಾಡು ನೋಡಬರುವವರೂ

(ತಾಳವಾಡಿ ಸೀಮೆಯ ಹಳ್ಳಿಯೊಂದರಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಹೊಲದಲ್ಲಿ ದುಡಿದು, ಇರುಳಾದೊಡನೆ ಆನೆ ಕಾಯಲು ಅಟ್ಟಣೆ ಏರಬೇಕಾದವರು ನೀವು. ಅಂಥವರನ್ನು ಸಂಜೆಯ ಹೊತ್ತು ಕೂಡಿಸಿ ಉದ್ದವಾದ ಉಪನ್ಯಾಸ ಮಾಡುವುದು ಅನ್ಯಾಯವೆಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೂ ಸಮಿತಿಯವರು ಈ ವಿಷಯವನ್ನೇ ಕುರಿತು ಮಾತನಾಡಬೇಕೆಂದು ಕೇಳಿದಾಗ ಒಪ್ಪಿಕೊಂಡೆನು. ಏಕೆಂದರೆ ಈ ವಿಷಯವು ನಾಳೆಯೋ ನಾಡಿದ್ದೋ ನಿಮ್ಮ ಬಾಗಿಲಿಗೆ ಬರತಕ್ಕದ್ದಲ್ಲ. ಈಗಾಗಲೇ ಬಂದು ಜಗುಲಿಯ ಮೇಲೆ ಕುಳಿತಿದೆ.

ಈ ಸಭೆಗೆ ಬರುವ ಮೊದಲು ಒಬ್ಬ ರೈತರು ನನ್ನನ್ನು ಕಂಡು ಮಾತನಾಡಿದರು. ಅವರಿಗೆ ಕಾಡಿಗೆ ತಗುಲಿದಂತೆ ಎರಡು ಎಕರೆ ಹೊಲವುಂಟು. ಕಳೆದ ಬೇಸಗೆಯಲ್ಲಿ ಯಾರೋ ಗೃಹಸ್ಥರು ಕಾರಿನಲ್ಲಿ ಬಂದು, “ಆನೆ ತಿನ್ನುವ ಹೊಲವನ್ನಿಟ್ಟುಕೊಂಡು ಏನು ಮಾಡುತ್ತೀರಿ ಗೌಡರೇ? ನಮಗೆ ಕೊಡಿ. ಆನೆ ನೋಡುವುದಕ್ಕೆ ಪಟ್ಟಣದಿಂದ ಜನ ಬರುತ್ತಾರೆ. ನಿಮ್ಮ ಮಗನಿಗೂ ಅಲ್ಲೇ ಒಂದು ಕೆಲಸ ಕೊಡುತ್ತೇವೆ” ಎಂದರಂತೆ. ಈ ರೈತರು ಮುಂಗಡವನ್ನು ತೆಗೆದುಕೊಂಡಿಲ್ಲ. ಆಗುವುದಿಲ್ಲವೆಂದು ಹೇಳಿಯೂ ಇಲ್ಲ. “ಏನು ಮಾಡಲಿ, ನೀವೇ ಹೇಳಿ” ಎಂದು ನನ್ನನ್ನು ಕೇಳಿದರು. ಅವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ನಾನು ಈಗ ಹೇಳಹೊರಟಿರುವುದೆಲ್ಲ ಅವರಿಗೆ ಕೊಡಬೇಕಾದ ಉತ್ತರವೆಂದು ತಾವೆಲ್ಲರೂ ತಿಳಿಯತಕ್ಕದ್ದು.

ಆ ಗೃಹಸ್ಥರ ಮಾತಿನಲ್ಲಿ ಒಂದು ವಿಚಿತ್ರವಿದೆ, ಗಮನಿಸಿದಿರಾ? ಆನೆ ಒಂದೇ. ನಮ್ಮ ಹೊಲಕ್ಕೆ ಬಂದರೆ ಅದು ನಷ್ಟ. ಹೊಲವು ಅವರ ಕೈಗೆ ಹೋದ ಮರುದಿನವೇ ಅದೇ ಆನೆ ಅವರಿಗೆ ಲಾಭ. ನಮ್ಮ ಎಲೆಕೋಸನ್ನು ತಿಂದ ಆನೆ ಅವರ ಪಾಲಿಗೆ ಗಿರಾಕಿಯನ್ನು ಕರೆದು ತರುವ ಆನೆ. ಈ ಚಮತ್ಕಾರ ಹೇಗೆ ನಡೆಯುತ್ತದೆ, ಆ ಲಾಭದಲ್ಲಿ ಊರಿನ ಪಾಲೆಷ್ಟು, ಪಾಲನ್ನು ಪಡೆಯುವ ದಾರಿ ಯಾವುದು ಎಂಬುದೇ ಇಂದಿನ ವಿಚಾರ.

ಊರಿಗೆ ಪರಸ್ಥಳದವರು ಬರುವುದು ನಮಗೆ ಹೊಸದೇನೂ ಅಲ್ಲ. ಮಲೆಯ ಮಹದೇಶ್ವರನ ಬೆಟ್ಟಕ್ಕೂ ಬಣ್ಣಾರಿ ಅಮ್ಮನ ಸನ್ನಿಧಿಗೂ ಹೋಗುವವರು ಎಷ್ಟು ತಲೆಮಾರುಗಳಿಂದ ಈ ಕಾಡುದಾರಿಗಳಲ್ಲಿ ನಡೆದಿದ್ದಾರೆ! ಅವರಿಗೆ ಅರವಟ್ಟಿಗೆ ಇಟ್ಟು ನೀರು ಮಜ್ಜಿಗೆ ಕೊಟ್ಟವರು ನಮ್ಮ ಹಿರಿಯರು. ಆ ಯಾತ್ರಿಕರು ಬರಿಗಾಲಲ್ಲಿ ಬಂದು, ಇಟ್ಟದ್ದನ್ನು ಉಂಡು, ಜಗುಲಿಯಲ್ಲಿ ಮಲಗಿ ಹೋಗುತ್ತಿದ್ದರು. ದೇವರನ್ನು ನೋಡುವುದಕ್ಕಲ್ಲದೆ ಕಾಡನ್ನೇ ನೋಡುವುದಕ್ಕೆ ಜನರು ಹಣ ಕೊಟ್ಟು ಬರುವರೆಂದು ಹೇಳಿದ್ದರೆ ನಮ್ಮ ಅಜ್ಜಂದಿರು ನಕ್ಕುಬಿಡುತ್ತಿದ್ದರು. ಈಗ ಅದೇ ನಡೆಯುತ್ತಿದೆ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಕಡೆ ಹೋದವರು ನೋಡಿರಬಹುದು: ಸೂರ್ಯಕಾಂತಿ ಅರಳಿದ ಹೊಲದ ಬದಿಯಲ್ಲಿ ಪರವೂರಿನ ಕಾರುಗಳು ಸಾಲಾಗಿ ನಿಲ್ಲುತ್ತವೆ, ಹೊಲದೊಳಗೆ ನಿಂತು ಚಿತ್ರ ತೆಗೆಸಿಕೊಳ್ಳುವವರಿಂದ ಕೆಲವು ರೈತರು ಇಷ್ಟೆಂದು ಹಣ ಪಡೆಯುತ್ತಾರೆ. ನಗಬೇಡಿ. ಗಿಡವನ್ನು ತುಳಿಸಿಕೊಂಡು ಸುಮ್ಮನಿರುವುದಕ್ಕಿಂತ ಅದು ಉತ್ತಮ.

ಇಂಥ ಪ್ರವಾಸಕ್ಕೆ ಈಚೆಗೆ ಪರಿಸರ ಪ್ರವಾಸೋದ್ಯಮವೆಂದು ಹೆಸರಿಟ್ಟಿರುವರು. ವಿಶ್ವಸಂಸ್ಥೆಯು 2002ನೆಯ ಇಸವಿಯನ್ನು ಅದಕ್ಕಾಗಿಯೇ ಮೀಸಲಾದ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ತಿಳಿದವರು ಅದರ ಲಕ್ಷಣವನ್ನು ಹೇಳುವಾಗ ಎರಡು ಮಾತುಗಳನ್ನು ಬಿಡದೆ ಸೇರಿಸುತ್ತಾರೆ. ನೋಡುವ ಸ್ಥಳ ಕೆಡಬಾರದು ಎಂಬುದು ಒಂದು. ಆ ಸ್ಥಳದ ಜನರ ಬಾಳು ಮೇಲಾಗಬೇಕು ಎಂಬುದು ಇನ್ನೊಂದು. ಆದರೆ ಲಕ್ಷಣವನ್ನು ಓದದೆ ಹೆಸರನ್ನು ಮಾತ್ರ ಹಲಗೆಯ ಮೇಲೆ ಬರೆಸಿ ತೂಗುಹಾಕಿದವರೇ ಹೆಚ್ಚು. ಕಾಡಿನೊಳಗೆ ಕಾಂಕ್ರೀಟು ಸುರಿದು, ಈಜುಕೊಳಕ್ಕೆ ಹಳ್ಳದ ನೀರನ್ನು ಎಳೆದು, ಇರುಳೆಲ್ಲ ದೀಪ ಉರಿಸುವ ಗೃಹಕ್ಕೂ ಅದೇ ಹೆಸರು.

ಲೆಕ್ಕಕ್ಕಾಗಿ ಒಂದು ಉದಾಹರಣೆ ಕೊಡುತ್ತೇನೆ. ಇದು ಯಾವ ನಿಜವಾದ ಗೃಹದ ಲೆಕ್ಕವೂ ಅಲ್ಲ. ಒಂದು ಕುಟುಂಬ ಎರಡು ರಾತ್ರಿ ತಂಗಿ 15,000 ರೂಪಾಯಿ ಕೊಟ್ಟಿತೆನ್ನಿ. ಕೋಣೆ ಕಾದಿರಿಸಿಕೊಟ್ಟ ದಲ್ಲಾಳಿ ಕಂಪೆನಿ ತನ್ನ ಪಾಲನ್ನು ಹಿಡಿದುಕೊಳ್ಳುತ್ತದೆ. ಮಾಲೀಕರು ಕೊಯಮತ್ತೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಲಾಭ ಅಲ್ಲಿಗೆ ಹೋಗುತ್ತದೆ. ಅಡಿಗೆಯವನು ಹೊರಗಿನವನು. ಅಕ್ಕಿ, ಬೇಳೆ, ಕೋಳಿ, ತರಕಾರಿಗಳೆಲ್ಲ ಪೇಟೆಯಿಂದ ಗಾಡಿಯಲ್ಲಿ ಬರುತ್ತವೆ. ತಾಳವಾಡಿಯ ಹೊಲದ ಎಲೆಕೋಸು ಪೇಟೆಗೆ ಹೋಗಿ, ಮಂಡಿಯವನ ಕೈ ಸೇರಿ, ಮತ್ತೆ ಘಾಟಿ ಹತ್ತಿ ತಾಳವಾಡಿಯ ಹೋಟೆಲಿಗೇ ಬರುವುದೂ ಉಂಟು! ಇನ್ನು ಊರಿನವರಿಗೆ ಉಳಿದದ್ದೇನು? ಪಾತ್ರೆ ತೊಳೆಯುವವಳ ಕೂಲಿ, ಕಸ ಗುಡಿಸುವವನ ಕೂಲಿ, ರಾತ್ರಿಯ ಕಾವಲುಗಾರನ ಸಂಬಳ. “ನಿಮ್ಮ ಮಗನಿಗೆ ಅಲ್ಲೇ ಕೆಲಸ” ಎಂದರಲ್ಲ, ಆ ಕೆಲಸ ಇದು. ತಂದೆ ಪಟ್ಟಾದಾರನಾಗಿದ್ದ ಭೂಮಿಯಲ್ಲಿ ಮಗನು ಕಾವಲುಗಾರ.

ಹಾಗಾದರೆ ಪ್ರವಾಸಿಗಳೇ ಬೇಡವೆ? ಹಾಗೆಂದು ನಾನು ಹೇಳುವುದಿಲ್ಲ. ಒಂದೇ ಕಾಲದಲ್ಲಿ ಎರಡು ಕಾಡುಗಳಲ್ಲಿ ನಡೆದ ಎರಡು ಸಂಗತಿಗಳನ್ನು ಮುಂದಿಟ್ಟರೆ ನನ್ನ ಅಭಿಪ್ರಾಯ ಸ್ಪಷ್ಟವಾದೀತು.

1996ರಲ್ಲಿ ಭಾರತ ಸರ್ಕಾರವು ವಿಶ್ವಬ್ಯಾಂಕಿನ ನೆರವಿನಿಂದ ಏಳು ಕಾಡುಗಳಲ್ಲಿ ಪರಿಸರಾಭಿವೃದ್ಧಿ ಯೋಜನೆಯೊಂದನ್ನು ಆರಂಭಿಸಿತು. ಕಾಡಂಚಿನ ಜನರಿಗೆ ಬೇರೆ ಜೀವನೋಪಾಯ ಕಲ್ಪಿಸಿದರೆ ಅವರೂ ಉಳಿದಾರು, ಕಾಡೂ ಉಳಿದೀತು ಎಂಬುದು ಅದರ ಉದ್ದೇಶ. ಆ ಏಳರಲ್ಲಿ ಒಂದು ನಮ್ಮ ನಾಗರಹೊಳೆ, ಇನ್ನೊಂದು ಕೇರಳದ ಪೆರಿಯಾರ್.

ನಾಗರಹೊಳೆಯಲ್ಲಿ ಏನಾಯಿತು? ತಲೆತಲಾಂತರದಿಂದ ಅಲ್ಲಿದ್ದ ಜೇನುಕುರುಬರು, ಬೆಟ್ಟಕುರುಬರು, ಎರವರು ಕಾಡಿನಿಂದ ಹೊರಕ್ಕೆ ಹೋಗಬೇಕೆಂದು ಒತ್ತಾಯವಿದ್ದ ಕಾಲ ಅದು. ಅದೇ ಕಾಲದಲ್ಲಿ ಅದೇ ಕಾಡಿನೊಳಗೆ ಪ್ರವಾಸಿಗಳ ವಸತಿಗಾಗಿ ಒಂದು ದೊಡ್ಡ ಹೋಟೆಲ್ ಸಂಸ್ಥೆಗೆ ಗುತ್ತಿಗೆ ಕೊಡಲಾಗಿತ್ತು. ಜೇನು ಕೀಳುವವನು ಕಾಡಿಗೆ ಹಾನಿ, ಹೋಟೆಲು ಕಾಡಿಗೆ ಭೂಷಣ ಎಂಬ ಈ ತರ್ಕವನ್ನು ಗಿರಿಜನರು ಒಪ್ಪಲಿಲ್ಲ. ಸಂಘಟಿತರಾಗಿ ಧರಣಿ ಕುಳಿತರು, ನ್ಯಾಯಾಲಯಕ್ಕೂ ಹೋದರು. 1997ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ಗುತ್ತಿಗೆಯು ಅರಣ್ಯ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಓದುಬರಹ ಬಾರದವರೆಂದು ಹೆಸರಾದ ಹಾಡಿಯ ಜನರು ಗಳಿಸಿದ ಜಯವದು. ಆದರೆ ಅದು ತಡೆಯುವ ಜಯ ಮಾತ್ರ. ಕಾಡಿನಿಂದ ಬರುವ ಆದಾಯ ಅವರ ಕೈಗೆ ಬಂದ ಜಯವಲ್ಲ.

ಪೆರಿಯಾರಿನ ಕಥೆ ಬೇರೆ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ತಾವು ಬೇಸರಪಡಬಾರದು.

ಕುಮಳಿ ಎಂಬ ಊರಿನ ಪಕ್ಕದಲ್ಲಿ ತೇಕ್ಕಡಿ ಎಂಬಲ್ಲಿ ಒಂದು ದೊಡ್ಡ ಸರೋವರವಿದೆ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದಾಗ ನಿಂತ ನೀರು ಅದು. ಸುತ್ತಲ ಕಾಡು 1950ರಲ್ಲಿ ಅಭಯಾರಣ್ಯವಾಯಿತು, 1978ರಲ್ಲಿ ಹುಲಿ ಸಂರಕ್ಷಣೆಯ ಕಾಡಾಯಿತು. ಆ ಕಾಡಿನಲ್ಲಿ ದಾಲ್ಚಿನ್ನಿಯ ಜಾತಿಯ ಮರದ ತೊಗಟೆಯನ್ನು ಕಳ್ಳತನದಿಂದ ಸುಲಿದು ಮಾರುವ ತಂಡವೊಂದಿತ್ತು. ಆ ತೊಗಟೆಯನ್ನು ಅಲ್ಲಿಯವರು ವಯಣವೆನ್ನುತ್ತಾರೆ. ದಿನಗಟ್ಟಲೆ ಕಾಡಿನಲ್ಲಿಯೇ ಇರುವುದು, ಮರ ಬೀಳಿಸುವುದು, ಹೊಟ್ಟೆಗಾಗಿ ಮೃಗ ಹೊಡೆಯುವುದು, ಅರಣ್ಯ ಕಾವಲಿನವರು ಬಂದರೆ ಓಡುವುದು: ಇದು ಅವರ ಬಾಳು. ಮೈಮೇಲೆ ಮೊಕದ್ದಮೆಗಳು, ಮನೆಯಲ್ಲಿ ಉಪವಾಸ. ಲಾಭವೆಲ್ಲ ತೊಗಟೆ ಕೊಳ್ಳುವ ವರ್ತಕನಿಗೆ.

ಯೋಜನೆ ಬಂದ ಮೇಲೆ ಅರಣ್ಯಾಧಿಕಾರಿಗಳು ಇವರೊಡನೆ ಕುಳಿತು ಮಾತನಾಡಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಕಳ್ಳಕಸುಬನ್ನು ಬಿಡುವುದಾಗಿ ಒಪ್ಪಿ ಒಂದು ಸಮಿತಿಯಾದರು. ಅವರಿಗೆ ದೊರೆತ ಕೆಲಸ ಯಾವುದು ಗೊತ್ತೆ? ಪ್ರವಾಸಿಗಳನ್ನು ಕಾಡಿನಲ್ಲಿ ನಡೆಸಿಕೊಂಡು ಹೋಗಿ ತೋರಿಸುವುದು. ಯಾವ ಹಾದಿಯಲ್ಲಿ ಹುಲಿ ತಿರುಗುವುದು, ಯಾವ ಹಳ್ಳದಲ್ಲಿ ಆನೆ ನೀರಿಗಿಳಿಯುವುದು ಎಂಬುದನ್ನು ಇವರಿಗಿಂತ ಬಲ್ಲವರು ಯಾರು? ಕದಿಯುವುದಕ್ಕೆಂದು ಕಲಿತ ವಿದ್ಯೆ ಕಾಯುವುದಕ್ಕೆ ಬಂತು. ಮೋಟಾರಿಲ್ಲ, ಗದ್ದಲವಿಲ್ಲ, ನಾಲ್ಕೈದು ಪ್ರವಾಸಿಗಳ ಪುಟ್ಟ ತಂಡ, ಜೊತೆಗೆ ಅಷ್ಟೇ ಮಂದಿ ಈ ಮಾರ್ಗದರ್ಶಿಗಳು, ಕೋವಿ ಹಿಡಿದ ಒಬ್ಬ ಅರಣ್ಯರಕ್ಷಕ. ಒಂದೆರಡು ರಾತ್ರಿ ಕಾಡಿನಲ್ಲೇ ಗುಡಾರ. ಬಂದ ಹಣ ಸಮಿತಿಯ ಖಾತೆಗೆ ಸೇರಿ, ಅಲ್ಲಿಂದ ಸದಸ್ಯರಿಗೆ ಸಂಬಳವಾಗುತ್ತದೆ. ಪ್ರವಾಸಿಗಳೊಡನೆ ನಡೆಯುವಾಗಲೇ ಕಾವಲೂ ಆಯಿತು, ಹೊಸ ಕಳ್ಳರ ಹೆಜ್ಜೆ ಇವರ ಕಣ್ಣಿಗೆ ತಪ್ಪುವುದಿಲ್ಲ.

ಅಲ್ಲಿಯ ಮನ್ನಾನ್ ಎಂಬ ಗಿರಿಜನರದು ಬೇರೊಂದು ಕಷ್ಟ. ಅವರು ಮೆಣಸು ಬೆಳೆಯುವವರು. ಬಳ್ಳಿಯಲ್ಲಿ ಕಾಯಿ ಕಟ್ಟುವ ಮೊದಲೇ ಬೆಳೆಯನ್ನು ಸಾಹುಕಾರರಿಗೆ ಅಡವಿಟ್ಟು, ಅವನು ಹೇಳಿದ ಬೆಲೆಗೆ ಒಪ್ಪಿಸುತ್ತಿದ್ದರು. ಸಮಿತಿಯ ಮೂಲಕ ಆ ಸಾಲವನ್ನು ತೀರಿಸಿ, ಮೆಣಸನ್ನು ಒಟ್ಟಾಗಿ ಮಾರುವ ಏರ್ಪಾಡಾಯಿತು. ಪ್ರವಾಸಕ್ಕೂ ಮೆಣಸಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ: ಸಾಲದಲ್ಲಿ ಮುಳುಗಿದವನು ಯಾವ ಸಮಿತಿಯಲ್ಲಿಯೂ ತಲೆಯೆತ್ತಿ ಕೂರಲಾರನು. 2002ರಿಂದ ಅಲ್ಲಿಯ ಹೆಂಗಸರು ವಸಂತಸೇನೆಯೆಂದು ಹೆಸರಿಟ್ಟುಕೊಂಡು, ಸಂಬಳವಿಲ್ಲದೆ, ಪಾಳಿಯ ಮೇಲೆ ದಿನವೂ ಕಾಡಿನಲ್ಲಿ ನಡೆದು ಶ್ರೀಗಂಧದ ಮರಗಳನ್ನು ಕಾದಿದ್ದಾರೆ. ಶಬರಿಮಲೆಯೂ ಆ ಕಾಡಿಗೇ ಸೇರಿದ್ದು. ಮಾಲೆ ಹಾಕಿಕೊಂಡು ಹೋದವರು ಇಲ್ಲಿ ಎಷ್ಟು ಜನವಿದ್ದೀರಿ! ದಾರಿಯ ಅಂಗಡಿಗಳಲ್ಲಿ ಕೆಲವನ್ನು ನಡೆಸುವವರು ಇಂಥ ಸಮಿತಿಗಳವರೇ. ಕಾಡಂಚಿನಲ್ಲಿ ಒಟ್ಟು ಎಪ್ಪತ್ತಕ್ಕೂ ಹೆಚ್ಚು ಸಮಿತಿಗಳಾದವು. 2004ರಲ್ಲಿ ಯೋಜನೆ ಮುಗಿದು ಬ್ಯಾಂಕಿನ ಹಣ ನಿಂತಾಗ ಎಲ್ಲವೂ ಕುಸಿಯಬಾರದೆಂದು ಪೆರಿಯಾರ್ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಪ್ರವಾಸಿಗಳ ಪ್ರವೇಶ ಶುಲ್ಕದ ಮೇಲೆ ಎತ್ತುವ ಹೆಚ್ಚುವರಿ ಹಣ ಸರ್ಕಾರದ ದೊಡ್ಡ ಖಜಾನೆಗೆ ಹೋಗದೆ ಈ ಕೆಲಸಕ್ಕೇ ಬರುವಂತಾಯಿತು.

ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಹೇಳಿದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ. ಸಮಿತಿಯ ಕಾರ್ಯದರ್ಶಿ ಅರಣ್ಯ ಇಲಾಖೆಯ ನೌಕರನೇ. ಅಧಿಕಾರಿ ಒಳ್ಳೆಯವನಾದರೆ ಕೆಲಸ ಸಾಗುವುದು, ಇಲ್ಲದಿದ್ದರೆ ಕಾಗದ ಕೊಳೆಯುವುದು. ಕುಮಳಿಯ ದೊಡ್ಡ ಹೋಟೆಲುಗಳ ಲಾಭ ಮನ್ನಾನರ ಮನೆಗೆ ಬರುವುದಿಲ್ಲ. 2009ರ ಸೆಪ್ಟೆಂಬರ್ 30ರಂದು ಆ ಸರೋವರದಲ್ಲಿ ಪ್ರವಾಸಿಗಳ ದೋಣಿ ಮಗುಚಿ 45 ಮಂದಿ ಪ್ರಾಣ ಕಳೆದುಕೊಂಡರು. ಪ್ರಾಣಿಗಳನ್ನು ನೋಡುವ ಆತುರದಲ್ಲಿ ಜನರೆಲ್ಲ ಒಂದೇ ಮಗ್ಗುಲಿಗೆ ಸರಿದಾಗ ಆದ ಅನಾಹುತವದು. ಇಷ್ಟೇ ಜನವೆಂಬ ಕಟ್ಟಳೆ ಮುರಿದಲ್ಲಿ ಏನಾಗುವುದೆಂಬುದನ್ನು ಅದಕ್ಕಿಂತ ಕಠೋರವಾಗಿ ಯಾರೂ ತೋರಿಸಬೇಕಾಗಿಲ್ಲ.

ಇನ್ನು ನಮಗೆ ಹತ್ತಿರದ ಸೀಗೂರು ಪ್ರಸ್ಥಭೂಮಿಯ ಮಾತು. ನೀಲಗಿರಿಯ ತಪ್ಪಲಿನ ಮಸಿನಗುಡಿ, ಬೊಕ್ಕಾಪುರಗಳಿಗೆ ನೀವು ಹೋಗಿರುತ್ತೀರಿ. ಅಲ್ಲಿ ನಮ್ಮ ಭಾಷೆಯವರೂ ಇದ್ದಾರೆ, ನಿಮ್ಮಲ್ಲಿ ಕೆಲವರಿಗೆ ನೆಂಟಸ್ತಿಕೆಯೂ ಇದ್ದೀತು. ಆ ಪ್ರಸ್ಥಭೂಮಿಯು ಪಶ್ಚಿಮ ಘಟ್ಟದ ಕಾಡುಗಳಿಗೂ ಪೂರ್ವ ಘಟ್ಟದ ಕಾಡುಗಳಿಗೂ ನಡುವೆ ಆನೆಗಳು ಓಡಾಡುವ ದಾರಿ. ಕಾಡಂಚಿನ ಹೊಲಗಳನ್ನು ಹೊರಗಿನವರು ಒಂದೊಂದಾಗಿ ಕೊಂಡರು, ವಿಶ್ರಾಂತಿಗೃಹಗಳೆದ್ದವು, ಬೇಲಿಗಳು ಬಂದವು. ನಮ್ಮ ಗೌಡರಿಗೆ ಬಂದ ಮಾತೇ ಅಲ್ಲಿಯವರಿಗೂ ಬಂದಿದ್ದಿರಬೇಕು. 2010ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಆನೆದಾರಿಯೆಂದು ಪ್ರಕಟಿಸಿತು. 2011ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ಇಪ್ಪತ್ತಕ್ಕೂ ಹೆಚ್ಚು ವಿಶ್ರಾಂತಿಗೃಹಗಳಿಗೆ ಬೀಗಮುದ್ರೆ ಬಿತ್ತು. 2020ರ ಅಕ್ಟೋಬರ್ 14ರಂದು ಅದೇ ನ್ಯಾಯಾಲಯ ಅಂತಿಮ ತೀರ್ಪಿತ್ತು, ಒಬ್ಬೊಬ್ಬರ ಅಹವಾಲನ್ನು ಕೇಳುವುದಕ್ಕೆ ನಿವೃತ್ತ ನ್ಯಾಯಾಧೀಶರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. 2021ರ ಜನವರಿಯಲ್ಲಿ ಅಲ್ಲಿಯೇ ಖಾಸಗಿ ವಸತಿಗೃಹವೊಂದರ ಬಳಿ ಬಂದ ಆನೆಯ ಮೇಲೆ ಉರಿಯುವ ಟಯರನ್ನೆಸೆದ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ಆ ಆನೆ ಸತ್ತಿತು. ಯಾವ ಆನೆಯನ್ನು ತೋರಿಸಿ ಹಣ ಗಳಿಸಬೇಕೋ ಅದೇ ಆನೆಗೆ ಬೆಂಕಿ!

ಈ ವ್ಯವಹಾರದಲ್ಲಿ ಹೆಚ್ಚು ನೊಂದವರು ಯಾರು? ವಿಶ್ರಾಂತಿಗೃಹದ ಒಡೆಯರಿಗೆ ಬೇರೆ ಊರಿನಲ್ಲಿ ಬೇರೆ ಆಸ್ತಿಯಿರುತ್ತದೆ. ಆದರೆ ತನ್ನ ಅಜ್ಜ ಕಟ್ಟಿದ ಮನೆಯೂ ಆನೆದಾರಿಯ ನಕ್ಷೆಯೊಳಗೆ ಬಿದ್ದಿತೆಂದು ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವನು ಊರಿನವನು. ಹೊಲ ಮಾರಿದವನಿಗೆ ಹಣ ಖರ್ಚಾಗಿತ್ತು. ಕೆಲಸ ಮಾಡುತ್ತಿದ್ದ ಗೃಹಕ್ಕೆ ಬೀಗ ಬಿದ್ದಿತ್ತು. ಗೌಡರೇ, ನಿಮಗೆ ನನ್ನ ಉತ್ತರದ ಮೊದಲ ಭಾಗ ಇದೇ: ಮಾರಬೇಡಿ. ಮನೆಯಲ್ಲಿ ಮದುವೆಯಿದ್ದರೂ, ಸೊಸೈಟಿಯ ಸಾಲವಿದ್ದರೂ ಬೇರೆ ದಾರಿ ಹುಡುಕೋಣ. ಕಾಡಿಗೆ ತಗುಲಿದ ಹೊಲವೊಂದು ಹೋದರೆ ಬೇಲಿ ಬರುತ್ತದೆ. ಬೇಲಿಗೆ ತಡೆದ ಆನೆ ಪಕ್ಕದ ಹೊಲಕ್ಕೆ ತಿರುಗುತ್ತದೆ. ನೀವು ಮಾರಿದ್ದರ ಫಲವನ್ನು ನಿಮ್ಮ ದಾಯಾದಿ ಉಣ್ಣಬೇಕಾಗುತ್ತದೆ.

ಎರಡನೆಯದಾಗಿ, ಪ್ರವಾಸಿಯನ್ನೇ ನೆಚ್ಚಿ ಒಕ್ಕಲುತನವನ್ನು ಬಿಡುವುದು ಸಲ್ಲದು. 2020ರಲ್ಲಿ ಕೊರೋನಾ ಬಂದಾಗ ಒಬ್ಬನಾದರೂ ಪ್ರವಾಸಿ ಘಾಟಿ ಹತ್ತಿದನೆ? ವಯನಾಡಿನಲ್ಲಿ 2024ರ ಫೆಬ್ರವರಿಯಲ್ಲಿ ಕುರುವ ದ್ವೀಪದ ಪ್ರವಾಸಿ ಕೇಂದ್ರದ ಕೆಲಸಗಾರರೊಬ್ಬರನ್ನು ಆನೆ ಕೊಂದಿತು. ಅಲ್ಲಿಯ ಅರಣ್ಯ ಪ್ರವಾಸ ಕೇಂದ್ರಗಳೆಲ್ಲ ಮುಚ್ಚಿದವು. ಎಷ್ಟು ಜನ ಹೋಗಬಹುದೆಂಬುದಕ್ಕೆ ಮಿತಿಯಿಟ್ಟು ಮತ್ತೆ ತೆರೆಯುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಆ ನಡುವೆ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದ ಘೋರವನ್ನು ನಾನು ವರ್ಣಿಸಲಾರೆ. 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ರೈತರು ಹುಲಿಗೆ ಬಲಿಯಾದ ಮೇಲೆ ಕರ್ನಾಟಕ ಸರ್ಕಾರವೇ ಸಫಾರಿಯನ್ನು ನಿಲ್ಲಿಸಲು ಆಜ್ಞೆ ಮಾಡಿತು. ಸಫಾರಿಗೆ ದುಡಿಯುವ ಸಿಬ್ಬಂದಿ ಮೊದಲು ಊರನ್ನು ಕಾಯಲಿ ಎಂದು ರೈತರು ಕೇಳಿದ್ದು ನ್ಯಾಯವೇ ಆಗಿತ್ತು. ಒಂದು ದಿನದ ಆಜ್ಞೆಯಿಂದ ನಿಂತುಹೋಗುವ ಆದಾಯ ಇದು. ರಾಗಿ ಹಾಗಲ್ಲ. ಪ್ರವಾಸದ ಹಣ ಮೇಲೋಗರ. ಮುದ್ದೆ ಹೊಲದಿಂದಲೇ ಬರಬೇಕು.

ಮೇಲೋಗರವೆಂದು ಹೇಳಿದೆ, ಅದರ ಮಾತು ಬಂದಾಗ ಕುಮರಕಂ ಎಂಬ ಊರಿನ ಸಂಗತಿ ಹೇಳಲೇಬೇಕು. ಅದು ಕಾಡಲ್ಲ, ಕೇರಳದ ವೆಂಬನಾಡು ಸರೋವರದ ದಡ. ಹೋಟೆಲುಗಳು ಬಂದು, ಗದ್ದೆಗಳು ಬೀಳುಬಿದ್ದು, ಊರಿನವರಿಗೂ ಹೋಟೆಲಿನವರಿಗೂ ಜಗಳವಿತ್ತು. 2008ರಿಂದ ಪಂಚಾಯತಿಯು ನಡುವೆ ನಿಂತು ಒಂದು ಒಪ್ಪಂದ ಮಾಡಿಸಿತು: ಹೋಟೆಲಿನ ಅಡಿಗೆಗೆ ಬೇಕಾದ ತರಕಾರಿ ಮುಂತಾದುವನ್ನು ಊರಿನ ಮನೆಗಳಿಂದಲೇ ಕೊಳ್ಳತಕ್ಕದ್ದು, ಬೆಲೆಯನ್ನು ಎರಡು ಕಡೆಯವರೂ ಕೂಡಿದ ಸಮಿತಿ ನಿಶ್ಚಯಿಸತಕ್ಕದ್ದು. ಕುಟುಂಬಶ್ರೀ ಎಂಬ ಹೆಂಗಸರ ಸಂಘಗಳು ಬೀಳುಬಿದ್ದ ನೆಲದಲ್ಲಿ ಬೆಳೆ ತೆಗೆದವು. ಇದು ನಮಗೆ ಬಹಳ ಹೊಂದುವ ದಾರಿಯೆಂದು ನನ್ನ ಎಣಿಕೆ. ಹಾಸನೂರಿನ ಸುತ್ತ ಈಗಾಗಲೇ ವಸತಿಗೃಹಗಳಿವೆ. ಎದ್ದವನ್ನು ಕಿತ್ತುಹಾಕುವುದು ನಮ್ಮ ಕೈಯಲ್ಲಿಲ್ಲ. ಆದರೆ ತಾಳವಾಡಿಯ ಎಲೆಕೋಸು, ಆಲೂಗಡ್ಡೆ, ಬೆಳ್ಳುಳ್ಳಿಗಳು ಮಂಡಿಗೆ ಹೋಗಿ ಬಾರದೆ ನೇರವಾಗಿ ಅವರ ಅಡಿಗೆಮನೆಗೆ ಹೋಗಬಾರದೇಕೆ? ಒಬ್ಬೊಬ್ಬರೇ ಹೋದರೆ ಚೌಕಾಸಿಯಲ್ಲಿ ಸೋಲುತ್ತೀರಿ. ಹತ್ತು ಮನೆ ಸೇರಿದರೆ ಬೇರೆ ಮಾತು. ಒಪ್ಪಿದ ದಿನ ಒಪ್ಪಿದಷ್ಟು ತಲುಪಿಸುವ ಶಿಸ್ತು ಮಾತ್ರ ಬೇಕು. ಪೇಟೆಯಲ್ಲಿ ಬೆಲೆ ಏರಿತೆಂದು ಆ ದಿನ ಅತ್ತ ಓಡಿದರೆ ಹೋಟೆಲಿನವನು ಮರುದಿನ ನಮ್ಮನ್ನು ಕರೆಯಲಾರನು. ಈ ದೋಷ ನಮ್ಮಲ್ಲುಂಟು, ಒಪ್ಪಿಕೊಳ್ಳೋಣ.

ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬಾರದು. ಕಾಡನ್ನು ತೋರಿಸುವ ವಿದ್ಯೆ ಇರುವುದು ಹೊಲದ ಒಡೆಯರಾದ ನಮ್ಮಲ್ಲಿ ಅಲ್ಲ, ಸೋಲಿಗರಲ್ಲಿ, ಊರಾಳಿಗಳಲ್ಲಿ. ಅವರನ್ನು ಕಳೆ ಕೀಳುವುದಕ್ಕೆ ಕರೆಯುತ್ತೇವೆ, ಸಭೆಗೆ ಕರೆಯುವುದಿಲ್ಲ. ಈ ಸಂಜೆಯೂ ಎಷ್ಟು ಮಂದಿ ಬಂದಿದ್ದಾರೆಂದು ಸುತ್ತ ನೋಡಿದೆ. ಹಿಂದೆ, ಆ ಹುಣಿಸೆಮರದ ಕೆಳಗೆ, ನಾಲ್ವರು ನಿಂತಿದ್ದಾರೆ. ಗಡಿಯ ಆಚೆ ಬಿಳಿಗಿರಿರಂಗನ ಬೆಟ್ಟದಲ್ಲಿ 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರನ್ನು ಪೋಡುಗಳಿಂದ ಎಬ್ಬಿಸಿದರು. ಪ್ರವಾಸಿಗಳ ಜೀಪು ಓಡಾಡುವ ಹಾದಿಯಲ್ಲಿ ಅವರು ಜೇನು ತರುವುದು ಅಪರಾಧವಾಯಿತು. ಅವರು ಸುಮ್ಮನೆ ಕೂರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಹೋರಾಡಿ, 2011ರಲ್ಲಿ 25 ಗ್ರಾಮಸಭೆಗಳು ಸಮುದಾಯದ ಅರಣ್ಯ ಹಕ್ಕುಪತ್ರವನ್ನು ಪಡೆದವು. ಹುಲಿ ಸಂರಕ್ಷಣೆಯ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ಭಾರತದಲ್ಲಿ ಅದೇ ಮೊದಲು. ಅವರು ಅಲ್ಲಿಂದ ಇಲ್ಲಿಗೆ ನೆಂಟರೇ. ಕಾಯಿದೆಯೂ ಎರಡು ರಾಜ್ಯಗಳಿಗೂ ಒಂದೇ. ನಮ್ಮಲ್ಲಿ ಮಾರ್ಗದರ್ಶಿಗಳ ಸಮಿತಿ ಏರ್ಪಟ್ಟರೆ ಅದರ ಅಧ್ಯಕ್ಷತೆ ಸೋಲಿಗರದಾಗತಕ್ಕದ್ದು. ಅವರು ನಮ್ಮ ಕೈಕೆಳಗಿನ ಕೂಲಿಗಳಾಗುವುದಾದರೆ ಆ ಸಮಿತಿ ಆಗದಿರುವುದೇ ಲೇಸು.

ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಣೆಯ ಕಾಡೆಂದು ಘೋಷಿತವಾಯಿತು. ವಿಸ್ತಾರ 1,408 ಚದರ ಕಿಲೋಮೀಟರು. ಹುಲಿಗಳ ಸಂಖ್ಯೆ 2010ರಿಂದ ಇಮ್ಮಡಿಗೂ ಮೀರಿ ಬೆಳೆಯಿತೆಂದು 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಪುರಸ್ಕಾರವೂ ದೊರೆಯಿತು. ಹುಲಿ ಹೆಚ್ಚಿದಂತೆ ನೋಡಬರುವವರೂ ಹೆಚ್ಚುತ್ತಾರೆ. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ನ್ಯಾಯಾಲಯದ ಆಜ್ಞೆಯಂತೆ ಅನುಮತಿ ಚೀಟಿ ಬೇಕಾಯಿತು. 2025ರ ಬೇಸಗೆಗೆ ದಿನಕ್ಕೆ 6,000, ವಾರದ ಕೊನೆಯಲ್ಲಿ 8,000 ವಾಹನಗಳೆಂದು ಮಿತಿಯನ್ನೂ ಹಾಕಿದರು. ಅಲ್ಲಿ ಜಾಗ ಸಿಗದವರು ಎಲ್ಲಿಗೆ ತಿರುಗುವರು? ದಿಂಬಂ ಘಾಟಿಯ 27 ತಿರುವುಗಳು ಅವರಿಗೆ ದೂರವೇನಲ್ಲ. ಆದುದರಿಂದ ಮಿತಿಯನ್ನು ನ್ಯಾಯಾಲಯ ಹೇರುವ ತನಕ ಕಾಯದೆ, ನಾವೇ ಮೊದಲು ಕೇಳೋಣ.

ಕೇಳುವುದು ಹೇಗೆ? ಈ ಹಳ್ಳಿಗಳಲ್ಲಿ ಅರಣ್ಯದ ಹಲಗೆಗಳು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುತ್ತವೆ. ನಮ್ಮ ಹಿರಿಯರಿಗೆ ಅವನ್ನು ಓದಲು ಬಾರದು. ಹೊಲದ ಅಂಚಿನಲ್ಲಿ ಏನು ನಿಷೇಧವಾಗಿದೆ, ಯಾವ ಸಭೆ ಯಾವ ದಿನ ಎಂಬುದು ತಿಳಿಯುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ತಮಿಳು ಸೋದರರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಅವರಲ್ಲಿಯೂ ಕಾಡಂಚಿನ ರೈತನ ಪಾಡು ಇದೇ. ಆದರೆ ತಿಳಿಯದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದನ್ನು ನಿಲ್ಲಿಸಬೇಕು. ನಮ್ಮ ಸಂವಿಧಾನದ 350ನೆಯ ಅನುಚ್ಛೇದವನ್ನು ನೆನಪಿಡಿ: ಯಾವ ಪ್ರಜೆಯಾದರೂ ತನ್ನ ಅಹವಾಲನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಯಾವ ಅಧಿಕಾರಿಗಾದರೂ ಸಲ್ಲಿಸಬಹುದು. ಈ ತಾಲ್ಲೂಕಿನಲ್ಲಿ ಕನ್ನಡ ಬಳಕೆಯಲ್ಲಿಲ್ಲವೆಂದು ಹೇಳುವ ಅಧಿಕಾರಿ ಸಂತೆಯ ದಿನ ಒಮ್ಮೆ ತಾಳವಾಡಿಗೆ ಬಂದು ಹೋಗಲಿ.

ಅದಕ್ಕಾಗಿ ಒಂದು ಮನವಿಯ ಕರಡನ್ನು ಬರೆದು ತಂದಿದ್ದೇನೆ. ಕಾಡು ನೋಡಲು ಬರುವವರ ಸಂಖ್ಯೆಗೆ ದಿನಕ್ಕಿಷ್ಟೆಂದು ಮಿತಿಯಿರಬೇಕು; ಪ್ರವೇಶ ಶುಲ್ಕದಲ್ಲಿ ಇಂತಿಷ್ಟು ಪಾಲು ಕಾಡಂಚಿನ ಗ್ರಾಮಸಭೆಗಳಿಗೆ ಬರಬೇಕು; ವರ್ಷಕ್ಕೊಮ್ಮೆ ಅದರ ಲೆಕ್ಕವನ್ನು ಕನ್ನಡದಲ್ಲಿ ಸಭೆಯ ಮುಂದೆ ಓದಬೇಕು; ಮಾರ್ಗದರ್ಶಿಗಳು ಈ ಊರುಗಳವರೇ, ಮೊದಲಾಗಿ ಸೋಲಿಗರು ಊರಾಳಿಗಳು ಆಗಿರಬೇಕು; ಆನೆ ತಿಂದ ಬೆಳೆಯ ಪರಿಹಾರ ಬಾಕಿಯಿರುವ ತನಕ ಹೊಸ ವಸತಿಗೃಹಕ್ಕೆ ಅನುಮತಿ ಕೊಡಬಾರದು. ಇಷ್ಟೇ ಅದರ ಸಾರ. ಶಾಲೆಯ ಮೇಷ್ಟರು ಈಗ ಅದನ್ನು ಪೂರ್ತಿಯಾಗಿ ಓದುತ್ತಾರೆ. ಓದಿದ ಮೇಲೆ ಯಾವ ಮಾತು ಸರಿಯಿಲ್ಲವೋ ಅದನ್ನು ಹೊಡೆದುಹಾಕಿಸಿ, ಬಿಟ್ಟುಹೋದದ್ದನ್ನು ಸೇರಿಸಿರಿ. ಹುಣಿಸೆಮರದ ಕೆಳಗಿರುವ ಅಣ್ಣಂದಿರು ದಯಮಾಡಿ ಮುಂದೆ ಬಂದು ಚಾಪೆಯ ಮೇಲೆ ಕೂರಬೇಕು. ಮೊದಲ ರುಜು ಅವರದಾಗಲಿ, ಎರಡನೆಯದು ಗೌಡರದು.